ಪಾಡ್‌ಕಾಸ್ಟ್ ಶುರು ಮಾಡ್ಬೇಕಾ? ಮೊದಲು ದುಡ್ಡು ಬಿಚ್ಚಬೇಡಿ, ಹತ್ತು ಎಪಿಸೋಡ್ ಮಾಡಿ

ತಿಪಟೂರು: ಬಿ.ಎಚ್. ರೋಡ್‌ನಲ್ಲಿ ಅಂಗಡಿ ಇಟ್ಟಿರುವ ಅಣ್ಣ ಒಬ್ಬರು ಹೋದ ತಿಂಗಳು ನನ್ನನ್ನು ಕರೆದು ಮೊಬೈಲ್ ತೋರಿಸಿದರು. ‘ನೋಡಪ್ಪಾ, ನನ್ನ ಪಾಡ್‌ಕಾಸ್ಟೇ ಕಾಣಿಸ್ತಿಲ್ಲ’ ಅಂದರು. ವಿಚಾರಿಸಿದರೆ ವಿಷಯ ಇಷ್ಟು. ಹೊರಗಿನಿಂದ ಬಂದ ಒಬ್ಬರು 18 ಸಾವಿರ ರೂಪಾಯಿಗೆ ‘ಪ್ಯಾಕೇಜ್’ ಅಂತ ಮಾತಾಡಿ, ನಾಲ್ಕು ಎಪಿಸೋಡ್ ರೆಕಾರ್ಡ್ ಮಾಡಿ, ತಮ್ಮದೇ ಇ-ಮೇಲ್‌ನಲ್ಲಿ ಖಾತೆ ತೆರೆದು ಹಾಕಿದ್ದಾರೆ. ಒಂದು ದಿನ ಆ ಖಾತೆ ಮುಚ್ಚಿದೆ. ಪಾಸ್‌ವರ್ಡ್ ಅಣ್ಣನ ಹತ್ತಿರ ಇಲ್ಲ. ರೆಕಾರ್ಡ್ ಮಾಡಿದ ಫೈಲೂ ಇಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್.

ಆ ನಾಲ್ಕರಲ್ಲಿ ಒಂದು ಎಪಿಸೋಡ್ ಅವರ ತಂದೆಯದ್ದು. ಸಂತೆಯಲ್ಲಿ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ವ್ಯಾಪಾರ ಶುರು ಮಾಡಿದ ಕಥೆ. ಆಮೇಲೆ ಯಜಮಾನರಿಗೆ ಲಕ್ವ ಹೊಡೆದು ಈಗ ಮಾತು ತೊದಲುತ್ತೆ. ‘ದುಡ್ಡು ಹೋಗ್ಲಿ ಬಿಡು, ಅಪ್ಪನ ಮಾತು ಹೋಯ್ತಲ್ಲ’ ಅಂದಾಗ ನನಗೂ ಏನು ಹೇಳಬೇಕೋ ತೋಚಲಿಲ್ಲ.

ನಾನೂ ಕೈ ಸುಟ್ಟುಕೊಂಡವನೇ. ಡಿಗ್ರಿ ಎರಡನೇ ವರ್ಷಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಗೆಳೆಯನ ಜೊತೆ ಸೇರಿ ಪಾಡ್‌ಕಾಸ್ಟ್ ಶುರು ಮಾಡಿದ್ದೆ. ಮೊದಲು ಕೊಂಡಿದ್ದು 6,500 ರೂಪಾಯಿಯ ಮೈಕು. ಸಿನಿಮಾ, ಕ್ರಿಕೆಟ್ಟು, ರಾಜಕೀಯ ಎಲ್ಲಾ ಸೇರಿಸಿ ಮಾತಾಡಿದೆವು. ಐದನೇ ಎಪಿಸೋಡಿಗೆ ಹೇಳೋದು ಮುಗಿದುಹೋಯ್ತು. ಮೈಕು ಈಗಲೂ ಬೀರುವಿನಲ್ಲಿದೆ.

ತಾಲ್ಲೂಕಿನಲ್ಲಿ ಕೂತು ಪಾಡ್‌ಕಾಸ್ಟ್ ಮಾಡಬೇಕು ಅನ್ನೋರು ಈಗ ಬಹಳ ಜನ ಇದ್ದಾರೆ. ಅವರು ನಮ್ಮ ಹಾಗೆ ದುಡ್ಡು, ದನಿ ಎರಡೂ ಕಳ್ಕೊಬಾರದು ಅಂತ ಈ ಬರಹ.

ಪಾಡ್‌ಕಾಸ್ಟ್ ಅಂದ್ರೆ ಏನು?

ಸರಳವಾಗಿ ಹೇಳೋದಾದ್ರೆ, ಕೇಳುಗರು ತಮಗೆ ಬಿಡುವಾದಾಗ ಕೇಳಿಕೊಳ್ಳಬಹುದಾದ ರೇಡಿಯೋ ಕಾರ್ಯಕ್ರಮ. ರೇಡಿಯೋದಲ್ಲಿ ಏಳು ಗಂಟೆಗೆ ಬಂದಿದ್ದು ಏಳೂವರೆಗೆ ಹೋಗಿರುತ್ತೆ. ಇಲ್ಲಿ ಹಾಗಲ್ಲ. ಹಾಲು ಕರೀವಾಗ, ಬಸ್ಸಿನಲ್ಲಿ ಹೋಗುವಾಗ, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಹಾಕಿಕೊಂಡು ಕೇಳಬಹುದು.

‘ಪಾಡ್‌ಕಾಸ್ಟ್’ ಅನ್ನೋ ಪದ ಮೊದಲು ಅಚ್ಚಾಗಿದ್ದು 2004ರಲ್ಲಿ, ಇಂಗ್ಲೆಂಡಿನ ‘ಗಾರ್ಡಿಯನ್’ ಪತ್ರಿಕೆಯಲ್ಲಿ. ಆಪಲ್ ಕಂಪನಿಯ ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಎರಡನ್ನೂ ಸೇರಿಸಿ ಮಾಡಿದ ಹೆಸರು. ಮುಂದಿನ ವರ್ಷವೇ ಆಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗೆ ಜಾಗ ಕೊಟ್ಟಿತು.

ಇದರ ಹಿಂದೆ ಕೆಲಸ ಮಾಡೋದು ಆರ್‌ಎಸ್‌ಎಸ್ ಫೀಡ್ ಅನ್ನೋ ಒಂದು ಲಿಂಕ್. ಪೇಪರ್ ಏಜೆಂಟರ ಹತ್ತಿರ ಯಾವ ಮನೆಗೆ ಯಾವ ಪತ್ರಿಕೆ ಅಂತ ಪುಸ್ತಕ ಇರುತ್ತಲ್ಲ, ಹಾಗೆ. ನೀವು ಹೊಸ ಎಪಿಸೋಡ್ ಒಂದು ಕಡೆ ಹಾಕಿದರೆ ಸಾಕು, ಈ ಫೀಡ್ ನೋಡಿಕೊಂಡು ಎಲ್ಲಾ ಆ್ಯಪ್‌ಗಳು ತಾವೇ ತಗೊಳ್ತವೆ. ಫೀಡ್ ಯಾರ ಖಾತೆಯಲ್ಲಿದೆಯೋ ಪಾಡ್‌ಕಾಸ್ಟ್ ಅವರ ಕೈಯಲ್ಲಿದೆ. ಅಂಗಡಿಯ ಅಣ್ಣನಿಗೆ ಗೊತ್ತಿಲ್ಲದೆ ಹೋಗಿದ್ದು ಇದೇ.

ನಮ್ಮವರಿಗೆ ಇದು ಹೊಸದೇನಲ್ಲ

ದೊಡ್ಡ ಸ್ಟುಡಿಯೋ ಇಲ್ಲದೆ ಆಗಲ್ಲ ಅನ್ನೋರಿಗೆ ಎರಡು ಉದಾಹರಣೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ, 30 ವ್ಯಾಟ್‌ನ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ಮುಂದೆ ಇಡೀ ದೇಶದ ರೇಡಿಯೋಗೆ ಅದೇ ಹೆಸರಾಯಿತು.

ಇನ್ನೊಂದು ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯದ್ದು. 2000ದ ದಶಕದ ಶುರುವಿನಲ್ಲಿ ಹಳ್ಳಿಯ ಜನರೇ ‘ನಮ್ಮ ಧ್ವನಿ’ ಅಂತ ಕಾರ್ಯಕ್ರಮ ಮಾಡಿದರು. ಆಗ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಸಿಗ್ತಿರಲಿಲ್ಲ. ಹಾಗಾಗಿ ಟಿ.ವಿ. ಕೇಬಲ್ಲಿನಲ್ಲೇ ಮಾತನ್ನು ಮನೆಮನೆಗೆ ಕಳಿಸಿದರು. ಸಂಘ-ಸಂಸ್ಥೆಗಳಿಗೆ ಸಮುದಾಯ ರೇಡಿಯೋ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟಿದ್ದು 2006ರಲ್ಲಿ. ಪಾಡ್‌ಕಾಸ್ಟ್‌ಗೆ ಅಂಥ ಲೈಸೆನ್ಸೂ ಬೇಡ, ಟವರೂ ಬೇಡ. ಅವರಿಗೆ ಕಷ್ಟವಾಗಿದ್ದ ಕೆಲಸ ನಮ್ಮ ಜೇಬಿನಲ್ಲೇ ಇದೆ.

ಮೊದಲು ಕೇಳುಗ ಯಾರು ಅಂತ ಗೊತ್ತು ಮಾಡ್ಕೊಳ್ಳಿ

ಎಲ್ಲರಿಗೂ ಅಂತ ಮಾಡಿದ್ದು ಯಾರಿಗೂ ಅಲ್ಲ. ನಮ್ಮ ಐದು ಎಪಿಸೋಡ್ ಸತ್ತಿದ್ದು ಇದರಿಂದಲೇ. ಸಿನಿಮಾ ಬಗ್ಗೆ ಮಾತಾಡೋರು ಬೆಂಗಳೂರಲ್ಲಿ ಸಾವಿರ ಜನ ಇದ್ದಾರೆ. ನಿಮ್ಮ ಊರಿನ ಬಗ್ಗೆ ನಿಮಗಿಂತ ಚೆನ್ನಾಗಿ ಮಾತಾಡೋರು ಎಷ್ಟು ಜನ?

ಒಬ್ಬ ಕೇಳುಗನನ್ನು ಕಣ್ಣ ಮುಂದೆ ಇಟ್ಟುಕೊಳ್ಳಿ. ಉದಾಹರಣೆಗೆ, ಮೂರು ಎಕರೆ ತೆಂಗಿನ ತೋಟ ಇರುವ, ವಯಸ್ಸು ನಲವತ್ತೈದು ದಾಟಿದ, ಗಾಡಿಯಲ್ಲಿ ದಿನಾ ತೋಟಕ್ಕೆ ಹೋಗಿ ಬರುವ ರೈತ. ಅವರಿಗೆ ಏನು ಬೇಕು ಅಂತ ಒಂದು ಹಾಳೆಯ ಮೇಲೆ ಹತ್ತು ವಿಷಯ ಬರೆಯಿರಿ.

1. ಕಾಯಿ ಕೆಡವೋಕೆ ಜನ ಸಿಗ್ತಿಲ್ಲ, ಏನ್ಮಾಡೋದು
2. ಅಟ್ಟದ ಮೇಲೆ ಕಾಯಿ ಎಷ್ಟು ತಿಂಗಳು ಇಡಬೇಕು
3. ಕೊಬ್ಬರಿ ಕೆಡೋದು ಯಾಕೆ
4. ನುಸಿ ಪೀಡೆ
5. ಕಾಂಡ ಸೋರುವ ರೋಗ
6. ಮಾರುಕಟ್ಟೆಯಲ್ಲಿ ಟೆಂಡರ್ ನಡೆಯೋದು ಹೇಗೆ
7. ಬೆಂಬಲ ಬೆಲೆ ನೋಂದಣಿಗೆ ಏನೇನು ಕಾಗದ ಬೇಕು
8. ಹಮಾಲರ ಒಂದು ದಿನ
9. ಚಿಪ್ಪು, ನಾರಿನಿಂದ ಬರೋ ಆದಾಯ
10. ಒಬ್ಬರೇ ತೋಟ ನಡೆಸ್ತಿರೋ ಹೆಣ್ಣುಮಕ್ಕಳು

ಹತ್ತು ಬರೆಯೋಕೆ ಆಗಲಿಲ್ಲ ಅಂದ್ರೆ ವಿಷಯ ಬದಲಾಯಿಸಿ. ಹತ್ತೂ ಸರಾಗವಾಗಿ ಬಂದರೆ ಅದೇ ನಿಮ್ಮ ಪಾಡ್‌ಕಾಸ್ಟ್. ಹಾರ್ಡ್‌ವೇರ್ ಅಂಗಡಿಯವರಾದರೆ ಹೊಸದಾಗಿ ಮನೆ ಕಟ್ಟೋರಿಗೆ ಮಾಡಿ. ಮೆಡಿಕಲ್ ಸ್ಟೋರಿನವರಾದರೆ ಮಾತ್ರೆ ಚೀಟಿ ಓದೋದು, ಎಕ್ಸ್‌ಪೈರಿ ನೋಡೋದು ಹೇಗೆ ಅಂತ ಹೇಳಿ. ಟೈಲರ್ ಆದರೆ ಬಟ್ಟೆ ತಗೊಳ್ಳುವಾಗ ಏನು ನೋಡಬೇಕು ಅನ್ನೋದೇ ಮೂರು ಎಪಿಸೋಡ್ ಆಗುತ್ತೆ.

ಒಂದು ಎಚ್ಚರಿಕೆ. ಇವತ್ತಿನ ರೇಟು ಹೇಳೋದನ್ನೇ ಪಾಡ್‌ಕಾಸ್ಟ್ ಮಾಡ್ಕೊಬೇಡಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಆ ಅಂಕಿ ವರ್ಷ ವರ್ಷ ಬದಲಾಗುತ್ತೆ, ಮಾರುಕಟ್ಟೆ ರೇಟಂತೂ ಟೆಂಡರಿನಿಂದ ಟೆಂಡರಿಗೆ ಬೇರೆ. ರೇಟಿಗೆ ವಾಟ್ಸ್‌ಆ್ಯಪ್ ಗ್ರೂಪ್ ಸಾಕು. ಆದರೆ ‘ಕೊಬ್ಬರಿ ಕೆಡೋದು ಯಾಕೆ’ ಅನ್ನೋದನ್ನ ಎರಡು ವರ್ಷ ಬಿಟ್ಟು ಕೇಳಿದರೂ ಉಪಯೋಗಕ್ಕೆ ಬರುತ್ತೆ.

ಸಾಮಾನು ಏನೇನು ಬೇಕು?

ಮೊದಲ ಹತ್ತು ಎಪಿಸೋಡಿಗೆ ನಿಮ್ಮ ಮೊಬೈಲ್ ಸಾಕು. ಅದರಲ್ಲಿರುವ ವಾಯ್ಸ್ ರೆಕಾರ್ಡರ್‌ನಲ್ಲೇ ಮಾಡಬಹುದು. ಖರ್ಚು ಮಾಡಲೇಬೇಕು ಅಂದ್ರೆ ಸಾವಿರ ರೂಪಾಯಿ ಒಳಗೆ ಸಿಗುವ, ಅಂಗಿಗೆ ಸಿಕ್ಕಿಸುವ ವೈರಿನ ಕಾಲರ್ ಮೈಕ್ ತಗೊಳ್ಳಿ. ಹೊಸ ಫೋನ್‌ಗಳಲ್ಲಿ ಇಯರ್‌ಫೋನ್ ತೂತು ಇರಲ್ಲ, ಟೈಪ್-ಸಿ ಪಿನ್ ಇರುವುದನ್ನೇ ಕೇಳಿ ತಗೊಳ್ಳಿ. ಕೆಲವು ಮೈಕಿಗೆ ಸಣ್ಣ ಬಟನ್ ಸೆಲ್ ಬೇಕಾಗುತ್ತೆ. ಒಂದು ಜೊತೆ ಎಕ್ಸ್‌ಟ್ರಾ ಇಟ್ಕೊಳ್ಳಿ.

ಕಂಪ್ಯೂಟರ್ ಇದ್ದರೆ ಎಡಿಟ್ ಮಾಡೋಕೆ ಆಡಾಸಿಟಿ ಅನ್ನೋ ಸಾಫ್ಟ್‌ವೇರ್ ಪೂರ್ತಿ ಉಚಿತ. ಮೈಕಿಗಿಂತ ಮುಖ್ಯ ಒಂದು ಇಯರ್‌ಫೋನ್. ನೀವು ರೆಕಾರ್ಡ್ ಮಾಡಿದ್ದನ್ನು ನೀವೇ ಕಿವಿಗೆ ಹಾಕಿಕೊಂಡು ಕೇಳದೆ ಯಾವತ್ತೂ ಹಾಕಬೇಡಿ.

ರೆಕಾರ್ಡಿಂಗ್ ಎಲ್ಲಿ, ಹೇಗೆ?

ಖಾಲಿ ಕೋಣೆಯಲ್ಲಿ ಮಾತಾಡಿದರೆ ಬಾವಿಯೊಳಗಿಂದ ಕೂಗಿದ ಹಾಗೆ ಕೇಳುತ್ತೆ. ಗೋಡೆಗೆ ಬಡಿದ ಶಬ್ದ ವಾಪಸ್ ಬರೋದೇ ಕಾರಣ. ಮೆತ್ತಗಿನ ಸಾಮಾನು ಶಬ್ದವನ್ನು ಹೀರಿಕೊಳ್ಳುತ್ತೆ. ಹಾಗಾಗಿ ಬಟ್ಟೆ ಅಂಗಡಿಯ ಸ್ಟಾಕ್ ರೂಮು, ಅಕ್ಕಿ ಮೂಟೆ ತುಂಬಿದ ಗೋಡೌನು, ಹಾಸಿಗೆ-ಕಂಬಳಿ ಇರುವ ಕೋಣೆ, ಇವು ನಮ್ಮೂರಿನ ಒಳ್ಳೆ ಸ್ಟುಡಿಯೋಗಳು. ಅಂಗಡಿಯವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ.

* ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಮಧ್ಯೆ ಕಾಲ್ ಬಂದರೆ ರೆಕಾರ್ಡಿಂಗ್ ನಿಂತುಹೋಗಬಹುದು.
* ಫ್ಯಾನು, ಫ್ರಿಜ್ಜು, ಗುಂಯ್ ಅನ್ನೋ ಯುಪಿಎಸ್ ಆಫ್ ಮಾಡಿ. ನಮ್ಮ ಕಿವಿಗೆ ಅಭ್ಯಾಸ ಆಗಿರುತ್ತೆ, ಮೈಕಿಗೆ ಆಗಿರಲ್ಲ.
* ಬಾಯಿಗೂ ಮೈಕಿಗೂ ಒಂದು ಗೇಣು ದೂರ ಇರಲಿ. ನೇರ ಬಾಯಿ ಮುಂದೆ ಬೇಡ, ಸ್ವಲ್ಪ ಪಕ್ಕಕ್ಕೆ. ಇಲ್ಲದಿದ್ದರೆ ‘ಪ’, ‘ಬ’, ‘ಫ’ ಬಂದಾಗೆಲ್ಲ ಗಾಳಿ ಬಡಿಯುತ್ತೆ.
* ಶುರುವಿನಲ್ಲಿ ಅರ್ಧ ನಿಮಿಷ ಯಾರೂ ಮಾತಾಡದೆ ರೆಕಾರ್ಡ್ ಮಾಡಿ. ಆ ಮೌನದಲ್ಲಿರುವ ಸದ್ದನ್ನೇ ಮಾದರಿ ಇಟ್ಟುಕೊಂಡು ಆಡಾಸಿಟಿ ಉಳಿದ ಕಡೆ ಗದ್ದಲ ಕಡಿಮೆ ಮಾಡುತ್ತೆ.
* ಒಂದು ನಿಮಿಷ ರೆಕಾರ್ಡ್ ಮಾಡಿ, ಕೇಳಿ ನೋಡಿ, ಆಮೇಲೆ ಪೂರ್ತಿ ಶುರು ಮಾಡಿ. ನಾನು ಒಮ್ಮೆ ನಲವತ್ತು ನಿಮಿಷ ಮಾತಾಡಿಸಿ, ಮೈಕಿನ ಪಿನ್ ಸಡಿಲ ಇತ್ತು ಅಂತ ಮನೆಗೆ ಬಂದ ಮೇಲೆ ಗೊತ್ತಾಗಿತ್ತು.

ಮಾರುಕಟ್ಟೆಯ ಗದ್ದಲ ಕೇಳಿಸಬೇಕು ಅಂತ ಆಸೆ ಇದ್ದರೆ ಅದನ್ನು ಬೇರೆಯಾಗಿ ಒಂದು ನಿಮಿಷ ರೆಕಾರ್ಡ್ ಮಾಡ್ಕೊಂಡು ಶುರುವಿನಲ್ಲಿ ಹತ್ತು ಸೆಕೆಂಡ್ ಹಾಕಿ. ಗದ್ದಲದಲ್ಲೇ ಸಂದರ್ಶನ ಮಾಡಬೇಡಿ.

ಮಾತಾಡಿಸೋದು ಹೇಗೆ?

ನಮ್ಮ ಜನ ಮೈಕ್ ಕಂಡ ಕೂಡಲೇ ಭಾಷಣ ಶುರು ಮಾಡ್ತಾರೆ. ‘ಮೊದಲನೆಯದಾಗಿ ಎಲ್ಲರಿಗೂ ನಮಸ್ಕರಿಸುತ್ತಾ’ ಅಂತ. ಅವರದ್ದೇನೂ ತಪ್ಪಿಲ್ಲ. ಫೋನ್ ಟೇಬಲ್ ಮೇಲಿಟ್ಟು, ಟೀ ತರಿಸಿ, ಹತ್ತು ನಿಮಿಷ ಸುಮ್ಮನೆ ಮಾತಾಡಿ. ಭಾಷಣ ಮುಗಿದ ಮೇಲೆ ಬರೋದೇ ನಿಜವಾದ ಮಾತು. ಆದರೆ ರೆಕಾರ್ಡ್ ಆಗ್ತಿದೆ ಅಂತ ಮೊದಲೇ ಹೇಳಿರಬೇಕು. ‘ಹೂಂ, ಹಾಕಿ’ ಅನ್ನೋ ಅವರ ಒಪ್ಪಿಗೆಯನ್ನೂ ಅದೇ ರೆಕಾರ್ಡಿಂಗ್‌ನಲ್ಲಿ ಇಟ್ಕೊಳ್ಳಿ.

‘ಕಷ್ಟ ಇತ್ತಾ?’ ಅಂತ ಕೇಳಿದರೆ ‘ಹೌದು’ ಅಂತ ಮುಗಿಸ್ತಾರೆ. ‘ಅಂಗಡಿ ತೆಗೆದ ಮೊದಲನೇ ದಿನ ಬೆಳಿಗ್ಗೆ ಏನ್ಮಾಡಿದ್ರಿ?’ ಅಂತ ಕೇಳಿ, ಹತ್ತು ನಿಮಿಷ ಹೇಳ್ತಾರೆ. ಅವರು ಸುಮ್ಮನಾದರೆ ನೀವು ತಕ್ಷಣ ಬಾಯಿ ಹಾಕಬೇಡಿ. ಮೂರು ಸೆಕೆಂಡ್ ಕಾಯಿರಿ. ಬಹಳ ಸಲ ಮುಖ್ಯವಾದದ್ದು ಆಗಲೇ ಬರುತ್ತೆ.

ಒಬ್ಬರೇ ಮಾತಾಡೋದಾದ್ರೆ ಪೂರ್ತಿ ಬರೆದುಕೊಂಡು ಓದಬೇಡಿ, ಓದಿದ್ದು ಅಂತ ಗೊತ್ತಾಗುತ್ತೆ. ಐದು ಪಾಯಿಂಟ್ ಬರೆದುಕೊಂಡು ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಹೇಳಿ. ನಮ್ಮ ಭಾಷೆಯಲ್ಲೇ ಹೇಳಿ. ಟಿ.ವಿ. ಆ್ಯಂಕರ್ ಕನ್ನಡ ಬೇಡ.

ಎಡಿಟಿಂಗ್ ಮತ್ತು ಫೈಲ್

ಹದಿನೈದರಿಂದ ಇಪ್ಪತ್ತು ನಿಮಿಷ ಸಾಕು. ಮೊದಲ ಅರ್ಧ ನಿಮಿಷದಲ್ಲೇ ಇವತ್ತು ಏನು ಸಿಗುತ್ತೆ ಅಂತ ಹೇಳಿಬಿಡಿ. ಉದ್ದದ ಮ್ಯೂಸಿಕ್, ದೇವರ ಸ್ತುತಿ, ಪ್ರಾಯೋಜಕರ ಪಟ್ಟಿ ಎಲ್ಲ ಮುಂದೆ ಇಟ್ಟರೆ ಜನ ಅಲ್ಲೇ ಬಿಡ್ತಾರೆ. ಎಡಿಟ್ ಅಂದ್ರೆ ಕೆಮ್ಮು, ಒಂದೇ ಮಾತು ಎರಡು ಸಲ ಬಂದಿದ್ದು, ವಿಷಯ ಬಿಟ್ಟು ಹೋದ ಭಾಗ ತೆಗೆಯೋದು. ಅಷ್ಟೇ.

ಬರೀ ಮಾತಿಗೆ 64 ಕೆಬಿಪಿಎಸ್ ಮೋನೋ ಎಂಪಿ3 ಸಾಕಾಗುತ್ತೆ. ಇಪ್ಪತ್ತು ನಿಮಿಷಕ್ಕೆ ಸುಮಾರು 10 ಎಂಬಿ. ಡೇಟಾ ಉಳಿಸೋರಿಗೂ ಭಾರ ಆಗಲ್ಲ. ಮುಖಪುಟದ ಚಿತ್ರ ಚೌಕವಾಗಿರಬೇಕು, ಆಪಲ್ ಕೇಳೋದು ಕನಿಷ್ಠ 1,400, ಗರಿಷ್ಠ 3,000 ಪಿಕ್ಸೆಲ್. ಹೆಸರನ್ನು ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಬರೆಸಿ, ಮೊಬೈಲ್‌ನಲ್ಲಿ ಆ ಚಿತ್ರ ಬೆರಳುಗುರಿನಷ್ಟೇ ಕಾಣೋದು.

ಎಡಿಟ್ ಮಾಡದ ಮೂಲ ಫೈಲನ್ನು ಎರಡು ಕಡೆ ಇಡಿ. ಒಂದು ಪೆನ್‌ಡ್ರೈವ್, ಇನ್ನೊಂದು ಗೂಗಲ್ ಡ್ರೈವ್. ಇದನ್ನು ಮಾತ್ರ ಮರೀಬೇಡಿ.

ಖಾತೆ ನಿಮ್ಮ ಹೆಸರಲ್ಲೇ ಇರಲಿ

ಈ ಬರಹದಲ್ಲಿ ಒಂದೇ ಮಾತು ನೆನಪಿಡ್ತೀನಿ ಅನ್ನೋರು ಇದನ್ನು ನೆನಪಿಡಿ. ಪಾಡ್‌ಕಾಸ್ಟ್‌ಗೆ ಅಂತಲೇ ಹೊಸ ಇ-ಮೇಲ್ ಮಾಡಿ. ಅದಕ್ಕೆ ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಪಾಸ್‌ವರ್ಡ್ ಅಂಗಡಿ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಆಮೇಲೆ ಸ್ಪಾಟಿಫೈ ಫಾರ್ ಕ್ರಿಯೇಟರ್ಸ್‌ನಂಥ ಉಚಿತ ಜಾಗದಲ್ಲಿ ಖಾತೆ ತೆರೆದು ಎಪಿಸೋಡ್ ಹಾಕಬಹುದು. ಅಲ್ಲಿಂದ ಸಿಗುವ ಆರ್‌ಎಸ್‌ಎಸ್ ಲಿಂಕನ್ನು ಆಪಲ್ ಪಾಡ್‌ಕಾಸ್ಟ್ಸ್‌ಗೆ ಕೊಟ್ಟರೆ ಅಲ್ಲೂ ಬರುತ್ತೆ. ಯೂಟ್ಯೂಬ್‌ನಲ್ಲಿ ಒಂದು ಪ್ಲೇಲಿಸ್ಟ್ ಮಾಡಿ ಅದನ್ನು ಪಾಡ್‌ಕಾಸ್ಟ್ ಅಂತ ಗುರುತು ಮಾಡಬಹುದು. ಮುಖ ತೋರಿಸಲೇಬೇಕು ಅಂತಿಲ್ಲ, ಒಂದು ಚಿತ್ರ ಇಟ್ಟು ಮಾತು ಹಾಕಿದರೂ ನಡೆಯುತ್ತೆ.

ಆ್ಯಪ್‌ಗಳು ಬರ್ತವೆ, ಹೋಗ್ತವೆ. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಮುಚ್ಚಿತು. ಆ್ಯಂಕರ್ ಅನ್ನೋ ಕಂಪನಿಯನ್ನು 2019ರಲ್ಲಿ ಸ್ಪಾಟಿಫೈ ಕೊಂಡಿತು, ಅದಾದ ಮೇಲೆ ಎರಡು ಸಲ ಹೆಸರು ಬದಲಾಯಿತು. ಫೀಡ್ ಮತ್ತು ಮೂಲ ಫೈಲ್ ತಮ್ಮ ಕೈಯಲ್ಲಿ ಇಟ್ಟುಕೊಂಡವರು ಇದಕ್ಕೆಲ್ಲ ಹೆದರಬೇಕಾಗಿಲ್ಲ. ಬೇರೆಯವರ ಹತ್ತಿರ ಕೆಲಸ ಮಾಡಿಸಬೇಡಿ ಅಂತ ನಾನು ಹೇಳ್ತಿಲ್ಲ. ಮಾಡಿಸಿ. ಖಾತೆ ನಿಮ್ಮದು, ಫೈಲ್ ನಿಮ್ಮದು ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆಸಿಕೊಂಡು ಆಮೇಲೆ ಅಡ್ವಾನ್ಸ್ ಕೊಡಿ.

ಜನರಿಗೆ ಮುಟ್ಟಿಸೋದು

ಇಲ್ಲಿ ಹುಡುಕಿಕೊಂಡು ಬಂದು ಕೇಳೋರು ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕೇಳ್ತಾರೆ. ಒಂದು ಬ್ರಾಡ್‌ಕಾಸ್ಟ್ ಲಿಸ್ಟ್‌ಗೆ 256 ಜನರನ್ನು ಸೇರಿಸಬಹುದು. ಆದರೆ ಅವರ ಫೋನ್‌ನಲ್ಲಿ ನಿಮ್ಮ ನಂಬರ್ ಸೇವ್ ಆಗಿದ್ರೆ ಮಾತ್ರ ಮೆಸೇಜ್ ಹೋಗುತ್ತೆ. ‘ನಂಬರ್ ಸೇವ್ ಮಾಡ್ಕೊಳ್ಳಿ’ ಅಂತ ಎದುರೆದುರೇ ಹೇಳಿ. ಬರೀ ಲಿಂಕ್ ಕಳಿಸಬೇಡಿ, ಅದರಲ್ಲಿ ಏನಿದೆ ಅಂತ ಎರಡು ಸಾಲು ಬರೆಯಿರಿ. ಅಂಗಡಿಯವರು ಕ್ಯೂಆರ್ ಕೋಡ್ ಮಾಡಿಸಿ ಫೋನ್‌ಪೇ ಬೋರ್ಡ್ ಪಕ್ಕ ಅಂಟಿಸಬಹುದು.

ದಿನ ಒಂದು ಗೊತ್ತು ಮಾಡಿ. ವಾರಕ್ಕೊಂದು ಆಗಲ್ಲ ಅಂದ್ರೆ ಹದಿನೈದು ದಿನಕ್ಕೊಂದು ಮಾಡಿ, ತಪ್ಪಿಸಬೇಡಿ. ಮೂರು ಎಪಿಸೋಡ್ ರೆಡಿ ಇಟ್ಟುಕೊಂಡೇ ಮೊದಲನೆಯದನ್ನು ಬಿಡಿ. ಮನೆಯಲ್ಲಿ ಮದುವೆ ಬಂತು, ಕರೆಂಟ್ ಹೋಯ್ತು ಅಂದ್ರೂ ಆಗ ನಿಲ್ಲಲ್ಲ.

ಕಾನೂನು ಗೊತ್ತಿರಲಿ

* ಸಿನಿಮಾ ಹಾಡು ಹತ್ತು ಸೆಕೆಂಡ್ ಆದರೆ ಪರವಾಗಿಲ್ಲ ಅನ್ನೋದು ಸುಳ್ಳು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತೆ. ಯೂಟ್ಯೂಬ್‌ನ ಆಡಿಯೋ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಇನ್ನೂ ಒಳ್ಳೆಯದು, ಊರಿನ ಡೊಳ್ಳು ಅಥವಾ ತಮಟೆಯವರನ್ನು ಕೇಳಿ, ದುಡ್ಡು ಕೊಟ್ಟು ರೆಕಾರ್ಡ್ ಮಾಡ್ಕೊಳ್ಳಿ.
* ಒಬ್ಬರ ಮೇಲೆ ಆರೋಪ ಬಂದರೆ ಅವರ ಮಾತನ್ನೂ ಕೇಳಿ, ದಾಖಲೆ ಇಟ್ಕೊಳ್ಳಿ. ಮಾನನಷ್ಟ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ‘ಅವರು ಹೇಳಿದ್ದು, ನಾನಲ್ಲ’ ಅಂದ್ರೆ ತಪ್ಪಿಸಿಕೊಳ್ಳೋಕೆ ಆಗಲ್ಲ.
* ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಊರು, ಗುರುತು ಸಿಗುವ ಯಾವ ಮಾತೂ ಬೇಡ. ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆ ಇನ್ನೂ ಬಿಗಿ.
* ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡ್ತೀವಿ ಅನ್ನೋ ಔಷಧಿ ಜಾಹೀರಾತು ತಗೊಬೇಡಿ. ಅದನ್ನು ತಡೆಯೋಕೆ 1954ರಿಂದಲೇ ಕಾಯ್ದೆ ಇದೆ.

ದುಡ್ಡು ಬರುತ್ತಾ?

ತಕ್ಷಣ ಬರಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲು ಕೊಡಬೇಕಾದರೆ 1,000 ಸಬ್‌ಸ್ಕ್ರೈಬರ್ ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು. ತಾಲ್ಲೂಕಿನ ಪಾಡ್‌ಕಾಸ್ಟ್‌ಗೆ ಇದಕ್ಕಿಂತ ಹತ್ತಿರದ ದಾರಿ ಸ್ಥಳೀಯ ಪ್ರಾಯೋಜಕರು. ತೆಂಗಿನ ರೈತರೇ ಕೇಳೋ ಪಾಡ್‌ಕಾಸ್ಟ್ ಅಂದ್ರೆ ಗೊಬ್ಬರದ ಅಂಗಡಿಯವರಿಗೆ ಗೋಡೆ ಬರಹಕ್ಕಿಂತ ಲಾಭ. ಆದರೆ ದುಡ್ಡು ತಗೊಂಡಿದ್ರೆ ‘ಇದು ಜಾಹೀರಾತು’ ಅಂತ ಬಾಯಿಬಿಟ್ಟು ಹೇಳಿ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಹೊಗಳಿದವರಿಗೂ ಸೇರಿ. ಕಾನೂನಿಗಿಂತ ದೊಡ್ಡದು, ಸಂತೆಯಲ್ಲಿ ನಾಳೆ ಅದೇ ಜನರ ಮುಖ ನೋಡಬೇಕು.

ಇನ್ನು ಗೆದ್ದಿದ್ದು ಹೇಗೆ ಗೊತ್ತಾಗೋದು? ಡೌನ್‌ಲೋಡ್ ಆಗಿದ್ದೆಲ್ಲ ಕೇಳಿದ್ದಲ್ಲ. ಎಷ್ಟನೇ ನಿಮಿಷಕ್ಕೆ ಜನ ಬಿಟ್ಟು ಹೋಗ್ತಾರೆ ಅನ್ನೋ ಗ್ರಾಫ್ ಸ್ಪಾಟಿಫೈ, ಯೂಟ್ಯೂಬ್ ಎರಡರಲ್ಲೂ ಸಿಗುತ್ತೆ, ಅದನ್ನು ನೋಡಿ. ಎಲ್ಲಕ್ಕಿಂತ ಒಳ್ಳೆ ಲೆಕ್ಕ ಅಂದ್ರೆ, ಗೊತ್ತಿಲ್ಲದವರು ಒಬ್ಬರು ಫೋನ್ ಮಾಡಿ ‘ಈ ವಾರದ್ದು ಯಾಕೆ ಬಂದಿಲ್ಲ’ ಅಂತ ಕೇಳೋದು. ನಮ್ಮ ಐದು ಎಪಿಸೋಡ್ ನಿಂತಾಗ ಯಾರೂ ಕೇಳಿರಲಿಲ್ಲ.

ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಬೇಕು. ಅವಸರ ಪಟ್ಟು ಸುಲಿದರೆ ಹಸಿ ಕಾಯಿ ಸಿಗುತ್ತೆ ಅಷ್ಟೇ. ಪಾಡ್‌ಕಾಸ್ಟೂ ಹಾಗೇ. ಒಂದು ವರ್ಷ ಕೊಡಿ.

ಅಂಗಡಿಯ ಅಣ್ಣ ಈಗ ಮತ್ತೆ ಶುರು ಮಾಡಿದ್ದಾರೆ. ಹೊಸ ಇ-ಮೇಲ್, ಪಾಸ್‌ವರ್ಡ್ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿದೆ. ಹೋದ ಭಾನುವಾರ ಅಂಗಡಿ ಹಿಂದಿನ ಗೋಡೌನ್‌ನಲ್ಲಿ, ಮೂಟೆಗಳ ಮಧ್ಯೆ, ತಂದೆಯನ್ನು ಕುರ್ಚಿ ಮೇಲೆ ಕೂರಿಸಿ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿದೆವು. ಯಜಮಾನರು ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು. ನಾಲ್ಕು ನಿಮಿಷದ ಕಥೆಗೆ ಮುಕ್ಕಾಲು ಗಂಟೆ ಆಯ್ತು. ‘ಎಡಿಟ್ ಮಾಡುವಾಗ ಆ ಗ್ಯಾಪ್ ಎಲ್ಲಾ ತೆಗೀಲಾ ಅಣ್ಣ?’ ಅಂತ ಕೇಳಿದೆ.

‘ಬೇಡಪ್ಪಾ, ಹಾಗೇ ಇರ್ಲಿ’ ಅಂದರು. ಹಾಗೇ ಹಾಕಿದ್ದೀವಿ. ಪೆನ್‌ಡ್ರೈವ್‌ಗೂ ಒಂದು ಕಾಪಿ ಹೋಗಿದೆ.